ಐವತ್ತರ ಆಸ್ಪತ್ರೆಗೆ ನಲವತ್ತೆಂಟರ ಮೆಟ್ಟಿಲು

ನಿವೃತ್ತಿಯಾದ ಮೇಲೆ ನನಗೆ ಮೊದಲು ವಾಪಸು ಸಿಕ್ಕಿದ್ದು ನನ್ನ ಬೆರಳುಗಳು. ಅಷ್ಟು ವರ್ಷ ಅವುಗಳ ತುದಿಯಲ್ಲಿ ಒಣಗಿದ ಅಂಟು, ಬ್ಲೇಡಿನ ಗೀರು, ಮರಳುಕಾಗದದ ಒರಟು ಇದ್ದೇ ಇರುತ್ತಿತ್ತು. ಚಪಾತಿ ಹಿಟ್ಟು ನಾದುವಾಗ ಅಂಟಿನ ಸಿಪ್ಪೆ ಎಲ್ಲಿ ಉದುರೀತೋ ಎಂಬ ಹೆದರಿಕೆ ಬೇರೆ. ಈಗ ಅದೆಲ್ಲ ಇಲ್ಲ. ಬೆಳಿಗ್ಗೆ ಲೇಕ್ ಗಾರ್ಡನ್ಸ್‌ನ ನಮ್ಮ ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತು, ಲೋಕಲ್ ರೈಲು ಹಿಡಿಯಲು ಓಡುವವರನ್ನು ನೋಡುತ್ತೇನೆ. ಓಡಲಿ ಪಾಪ. ನನ್ನ ಓಟ ಮುಗಿಯಿತು.

ನಾನು ಮಾಡೆಲ್ ಮಾಡುವವಳಾಗಿದ್ದೆ. ಈ ಮಾತು ಹೇಳಿದರೆ ಇಂದಿನವರು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಸೊಂಟ ನೋಡಿ ಸುಮ್ಮನಾಗುತ್ತಾರೆ. ಕಟ್ಟಡದ ಮಾಡೆಲ್ ಕಣ್ರಪ್ಪಾ. ಇನ್ನೂ ಕಟ್ಟದ ಆಸ್ಪತ್ರೆ, ಕಾಲೇಜು, ಕ್ವಾರ್ಟರ್ಸುಗಳನ್ನು ರಟ್ಟಿನಲ್ಲಿ, ತೆಳು ಹಲಗೆಯಲ್ಲಿ ಪುಟ್ಟದಾಗಿ ಕಟ್ಟಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಹೇಬರ ಮುಂದೆ ಇಡುವ ಕೆಲಸ. ಎಸ್ಪ್ಲನೇಡ್ ಹತ್ತಿರದ ಒಂದು ಸರಕಾರಿ ಕಟ್ಟಡ ವಿನ್ಯಾಸ ಕಚೇರಿಯಲ್ಲಿ, ಮೂರನೇ ಮಹಡಿಯ ಮೂಲೆಯ ಕೋಣೆಯಲ್ಲಿ ಕೂತು ಇದನ್ನೇ ಮಾಡಿದೆ.

ನಮ್ಮ ಮೇಲಿನ ಮನೆಗೆ ನೌಶೀನ್ ಎಂಬ ಹುಡುಗಿ ಬಾಡಿಗೆಗೆ ಬಂದಿದ್ದಾಳೆ. ಬೆಂಗಳೂರಿನವಳು, ಆರ್ಕಿಟೆಕ್ಟ್. ಅವಳ ಆಫೀಸಿನಲ್ಲಿ ಮಾಡೆಲನ್ನು ಯಂತ್ರವೇ ಮುದ್ರಿಸಿ ಕೊಡುತ್ತದಂತೆ. ಮೊನ್ನೆ ನನ್ನ ಕೈಯ ಉಪ್ಪಿಟ್ಟು ತಿನ್ನುತ್ತ ಕೇಳಿದಳು. "ಆಂಟಿ, ಒಂದಕ್ಕೆ ಐವತ್ತು, ಒಂದಕ್ಕೆ ನೂರು ಅನ್ನೋ ಅಳತೆಯೆಲ್ಲ ನಮಗೆ ಒಂದು ಕ್ಲಿಕ್ ಅಷ್ಟೇ. ನೀವು ಕೈಯಲ್ಲಿ ಹೆಂಗೆ ಮಾಡ್ತಿದ್ರಿ? ತಪ್ಪಾಗ್ತಿರ್ಲಿಲ್ವಾ?"

"ಆಗದೇ ಏನವ್ವಾ? ಆಗ್ತಿತ್ತು. ಭಾಳ ಚೆಂದಾಗಿ ಆಗ್ತಿತ್ತು" ಎಂದೆ.

"ಹಂಗಾದ್ರೆ ಅದನ್ನೇ ಬರೀರಿ."

ಅದಕ್ಕೇ ಬರೆಯುತ್ತಿದ್ದೇನೆ, ಅವಳ ಓರಗೆಯ ಮಕ್ಕಳಿಗಾಗಿ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದು ಇಲ್ಲಿ ಸಿಗುವುದಿಲ್ಲ. ಶಾಲು ಕೊಟ್ಟಿದ್ದು ಒಂದೇ ಸಲ, ಅದನ್ನೂ ನಮ್ಮ ಮನೆಯವರು ಚಳಿಗಾಲದಲ್ಲಿ ಹೊದ್ದುಕೊಂಡು ಹರಿದು ಹಾಕಿದರು.

ಧಾರವಾಡದಲ್ಲಿ ಚಿತ್ರಕಲೆ ಕಲಿತು, ಮದುವೆಯಾಗಿ, ರೈಲ್ವೆ ಕಚೇರಿಯಲ್ಲಿದ್ದ ಗಂಡನ ಹಿಂದೆ ಬಂಗಾಳಿಗಳ ಈ ಊರಿಗೆ ಬಂದೆ. ಕೆಲಸಕ್ಕೆ ಸೇರಿದ ದಿನ ನನಗೆ ಸ್ಕೇಲ್ ಎಂದರೆ ಮೇಜಿನ ಮೇಲಿನ ಮರದ ಪಟ್ಟಿ ಎಂದಷ್ಟೇ ಗೊತ್ತಿತ್ತು. ನಮ್ಮ ವಿಭಾಗದ ಹಿರಿಯ ಕೆಲಸಗಾರ ಸಾನ್ಯಾಲ್‌ದಾ ನಕ್ಕು ಕಲಿಸಲು ಕೂತರು. 'ದಾ' ಎಂದರೆ ಬಂಗಾಳಿಯಲ್ಲಿ ಅಣ್ಣ. ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಸದಾ ಪೆನ್ಸಿಲು. ನಾವಿಬ್ಬರೂ ಅರ್ಧ ಹಿಂದಿ ಅರ್ಧ ಬಂಗಾಳಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

ಅವರು ಹೇಳಿಕೊಟ್ಟಿದ್ದನ್ನು ನಾನು ನನ್ನ ಅಡುಗೆಮನೆಯ ಲೆಕ್ಕಕ್ಕೆ ಇಳಿಸಿಕೊಂಡೆ. ಇಡೀ ಬಡಾವಣೆ ತೋರಿಸಬೇಕಾದರೆ ಒಂದಕ್ಕೆ ಐನೂರು, ಅಂದರೆ ನಿಜಕ್ಕಿಂತ ಐನೂರು ಪಟ್ಟು ಚಿಕ್ಕದು. ಅದರಲ್ಲಿ ಮನುಷ್ಯ ಎಂದರೆ ಒಂದು ಎಳ್ಳು. ಕಾಲೇಜಿನ ಆವರಣಕ್ಕೆ ಒಂದಕ್ಕೆ ಇನ್ನೂರು, ಅಲ್ಲಿ ಮನುಷ್ಯ ಒಂದು ಅಕ್ಕಿಕಾಳು. ಒಂದೇ ಕಟ್ಟಡವಾದರೆ ಒಂದಕ್ಕೆ ನೂರು, ಶೇಂಗಾಕಾಳು. ಒಳಗಿನ ಕೋಣೆ, ಮೆಟ್ಟಿಲು, ಮಂಚ ಎಲ್ಲ ಕಾಣಬೇಕೆಂದರೆ ಒಂದಕ್ಕೆ ಐವತ್ತು. ನಿಜದ ಒಂದು ಮೀಟರು ಮಾಡೆಲಿನಲ್ಲಿ ಎರಡು ಸೆಂಟಿಮೀಟರು. ಮಕ್ಕಳೇ, ನೀವು ಯಂತ್ರಕ್ಕೆ ಅಂಕಿ ಹೇಳುವ ಮೊದಲು ಒಮ್ಮೆ ಆ ಕಾಳನ್ನು ಅಂಗೈಯಲ್ಲಿಟ್ಟು ನೋಡಿ. ಎಳ್ಳಿನ ಊರಿಗೆ ಕಿಟಕಿ ಸರಳು ಕೊರೆಯಲು ಹೋಗಿ ಕಣ್ಣು ಕಳೆದುಕೊಳ್ಳಬೇಡಿ.

ಇದಲ್ಲದೆ ಇನ್ನೊಂದು ಹಳೆಯ ಅಳತೆ ಇತ್ತು. ಕಾಲಿಂಚಿಗೆ ಒಂದು ಅಡಿ. ಲೆಕ್ಕ ಹಾಕಿದರೆ ಅದು ಒಂದಕ್ಕೆ ನಲವತ್ತೆಂಟು. ಅಡಿ, ಇಂಚಿನ ಕಾಲದ ಮಾಡೆಲ್‌ಗಳೆಲ್ಲ ಆ ಅಳತೆಯವು. ಐವತ್ತಕ್ಕೂ ನಲವತ್ತೆಂಟಕ್ಕೂ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆ ಕಣ್ಣಿಗೆ ಗೊತ್ತಾಗದ ವ್ಯತ್ಯಾಸವೇ ಒಂದು ಸಲ ನಮ್ಮನ್ನು ನಿದ್ದೆಗೆಡಿಸಿತು. ಅದಕ್ಕೆ ಬರುತ್ತೇನೆ, ಅದಕ್ಕೂ ಮೊದಲು ಗೊಂಬೆಗಳ ಕತೆ ಹೇಳಿಬಿಡುತ್ತೇನೆ.

ಒಂದು ಅತಿಥಿಗೃಹದ ಮಾಡೆಲ್, ಒಂದಕ್ಕೆ ನೂರರದ್ದು. ಅವಸರಕ್ಕೆ ಗೊಂಬೆ ಕೆತ್ತಲು ಆಗಲಿಲ್ಲ. ನಮ್ಮ ಮೇಲಧಿಕಾರಿ ದತ್ತಾ ಸಾಹೇಬರು ಆಟಿಕೆ ರೈಲಿನ ಜೊತೆ ಬರುವ ಪ್ರಯಾಣಿಕರ ಗೊಂಬೆಗಳನ್ನು ಅಂಗಡಿಯಿಂದ ತರಿಸಿ ನಿಲ್ಲಿಸಿಬಿಟ್ಟರು. ಆ ರೈಲಿನ ಗೊಂಬೆಗಳು ಒಂದಕ್ಕೆ ಎಂಬತ್ತೇಳರ ಅಳತೆಯವು. ನಮ್ಮ ಬಾಗಿಲ ಮುಂದೆ ನಿಂತರೆ ಒಬ್ಬೊಬ್ಬನೂ ಭೀಮ. ಮಾಡೆಲ್ ನೋಡಲು ಬಂದ ಸಮಿತಿಯ ಅಧ್ಯಕ್ಷರು ಬಗ್ಗಿ ನೋಡಿ, "ಬಾಗಿಲು ಯಾಕೆ ಇಷ್ಟು ಗಿಡ್ಡ? ಅತಿಥಿಗಳು ತಲೆ ಹೊಡೆಸಿಕೊಳ್ಳಬೇಕೇ?" ಎಂದರು. ದತ್ತಾ ಸಾಹೇಬರು ಹೌದು ಸಾರ್, ಎತ್ತರಿಸುತ್ತೇವೆ ಸಾರ್ ಎಂದು ತಲೆಯಾಡಿಸಿದರು. ಎತ್ತರಿಸುವುದೆಂದರೆ ಪ್ರತಿಯೊಂದು ಬಾಗಿಲು, ಅದರ ಮೇಲಿನ ಕಿಟಕಿ, ಇಡೀ ಮಹಡಿ ಮತ್ತೆ ಬರೆಯಬೇಕು. ಸಾನ್ಯಾಲ್‌ದಾ ಎಲ್ಲರೂ ಊಟಕ್ಕೆ ಹೋದಾಗ ಬ್ಲೇಡು ತೆಗೆದುಕೊಂಡು ಅಷ್ಟೂ ಗೊಂಬೆಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಿ, ಪಾದ ಮತ್ತೆ ಅಂಟಿಸಿ, ಹುಲ್ಲಿನ ಹಿಂದೆ ನಿಲ್ಲಿಸಿದರು. ಮುಂದಿನ ವಾರ ಅಧ್ಯಕ್ಷರು ಬಂದು ನೋಡಿ, "ಈಗ ನೋಡಿ, ಎಷ್ಟು ಭವ್ಯವಾಗಿದೆ" ಎಂದು ಮೆಚ್ಚಿ ಹೋದರು. ಆ ಬಾಗಿಲುಗಳು ಇವತ್ತಿಗೂ ಮೊದಲಿನ ಎತ್ತರದಲ್ಲೇ ಇವೆ.

ಇನ್ನು ಕೆಲವು ಸಾಹೇಬರಿಗೆ ಮರದ ಹುಚ್ಚು. ಒಣಗಿದ ಹೀರೇಕಾಯಿಯ ನಾರನ್ನು ಚೂರು ಮಾಡಿ, ಹಸಿರು ಬಣ್ಣದಲ್ಲಿ ಅದ್ದಿ ಮರ ಮಾಡುತ್ತಿದ್ದೆವು. ಎಲ್ಲಿ ಗೋಡೆ ಸೊಟ್ಟಗಾಗಿದೆಯೋ ಅಲ್ಲಿ ಒಂದು ದೊಡ್ಡ ಮರ. ಪಕ್ಕದಲ್ಲಿ ಚರಂಡಿ ಇದ್ದರೆ ಮರದ ಸಾಲು. ಒಬ್ಬ ಅಧಿಕಾರಿಯ ಒತ್ತಾಯಕ್ಕೆ ನೆಟ್ಟ ಮರಗಳನ್ನು ಅಳೆದು ನೋಡಿದೆ, ಅವು ಕಟ್ಟಡಕ್ಕಿಂತ ಎರಡು ಪಟ್ಟು ಎತ್ತರ. ಕಟ್ಟಡ ಎದ್ದ ಮೇಲೆ ಅಲ್ಲಿ ನಾಲ್ಕು ದಾಸವಾಳದ ಗಿಡ ಇದ್ದವು ಅಷ್ಟೇ.

ಈಗ ಮೆಟ್ಟಿಲಿನ ವಿಷಯ. ಮಾಡೆಲಿನಲ್ಲಿ ಎಲ್ಲಕ್ಕಿಂತ ಜೀವ ತಿನ್ನುವ ಕೆಲಸ ಮೆಟ್ಟಿಲು. ಒಂದೊಂದೇ ಪಟ್ಟಿ ಕತ್ತರಿಸಿ, ಒಂದರ ಮೇಲೊಂದು ಕೂರಿಸಿ, ಒಣಗುವವರೆಗೆ ಉಸಿರು ಬಿಗಿಹಿಡಿಯಬೇಕು. ಹಾಗಾಗಿ ನಮ್ಮ ವಿಭಾಗದಲ್ಲಿ ಒಂದು ರೂಢಿ ಇತ್ತು. ಹಳೆಯ ಮಾಡೆಲನ್ನು ಎಸೆಯುವ ಮುನ್ನ ಅದರ ಮೆಟ್ಟಿಲನ್ನು ಮಾತ್ರ ಜೋಪಾನವಾಗಿ ಬಿಚ್ಚಿ ಡಬ್ಬಿಗೆ ಹಾಕಿಡುವುದು. ರಸಗುಲ್ಲಾ ಬರುವ ದೊಡ್ಡ ತಗಡಿನ ಡಬ್ಬಿಗಳು. ಹೊಸ ಮಾಡೆಲಿಗೆ ಮೆಟ್ಟಿಲು ಬೇಕಾದಾಗ ಡಬ್ಬಿಗೆ ಕೈ ಹಾಕಿ, ಸರಿಹೊಂದುವುದನ್ನು ತೆಗೆದು, ಚೂರು ಬಿಗಿಯಾದರೆ ಗೋಡೆಯ ಒಳಮೈ ಉಜ್ಜಿ ಕೂರಿಸುವುದು. ಎಲ್ಲರೂ ಹಾಗೇ ಮಾಡುತ್ತಿದ್ದರು, ಯಾರಿಗೂ ಅದು ತಪ್ಪೆನಿಸಿರಲಿಲ್ಲ.

ಹೂಗ್ಲಿ ನದಿ ದಂಡೆಯ ಒಂದು ಊರಿನ ಆಸ್ಪತ್ರೆಗೆ ಹೊಸ ಹೆರಿಗೆ ವಿಭಾಗ ಕಟ್ಟಬೇಕಿತ್ತು. ವಾರ್ಡು ಕೆಳಗೆ, ಆಪರೇಷನ್ ಕೋಣೆ ಮೇಲೆ. ಅಲ್ಲಿಯ ಮುಖ್ಯ ವೈದ್ಯೆ ಡಾಕ್ಟರ್ ಮಂಡಲ್ ಗಟ್ಟಿ ಹೆಂಗಸು. ನಕ್ಷೆ ಬಿಚ್ಚಿ ತೋರಿಸಿದರೆ ಮಡಚಿಟ್ಟುಬಿಟ್ಟರು. "ನನಗೆ ಈ ಗೆರೆಗಳು ಅರ್ಥವಾಗೋದಿಲ್ಲ. ನಮ್ಮೂರಲ್ಲಿ ಕರೆಂಟ್ ಹೋಗುತ್ತೆ, ಲಿಫ್ಟ್ ನಿಲ್ಲುತ್ತೆ. ಆಗ ತುಂಬು ಗರ್ಭಿಣಿಯನ್ನ ಸ್ಟ್ರೆಚರಿನಲ್ಲಿ ಮೆಟ್ಟಿಲ ಮೇಲೆ ಒಯ್ಯಬೇಕು. ನಡುವಿನ ತಿರುವಿನಲ್ಲಿ ಸ್ಟ್ರೆಚರ್ ತಿರುಗುತ್ತೋ ಇಲ್ಲವೋ, ಅದನ್ನ ತೋರಿಸಿ" ಎಂದರು.

ಐವತ್ತರ ಮಾಡೆಲ್ ಮಾಡಿದೆವು. ಎರಡು ಸೂಜಿ, ಒಂದು ಚೂರು ಬಟ್ಟೆ ಸೇರಿಸಿ ನಾನು ಸ್ಟ್ರೆಚರ್ ಮಾಡಿದೆ. ಸಾನ್ಯಾಲ್‌ದಾ ಡಬ್ಬಿಯಿಂದ ಒಂದು ಮೆಟ್ಟಿಲು ಹುಡುಕಿ, ಗೋಡೆಯನ್ನು ಚೂರು ಉಜ್ಜಿ ಕೂರಿಸಿದರು. ಡಾಕ್ಟರಮ್ಮ ಬಂದು, ಚಿಮಟದಲ್ಲಿ ಆ ಸ್ಟ್ರೆಚರನ್ನು ತಾವೇ ಹಿಡಿದು ತಿರುವಿನಲ್ಲಿ ತಿರುಗಿಸಿ ನೋಡಿದರು. ಎರಡೂ ಬದಿಗೆ ತಾಗಿಯೂ ತಾಗದಂತೆ ತಿರುಗಿತು. ಸರಿ ಎಂದು ಒಪ್ಪಿ ಹೋದರು. ಕಟ್ಟಡದ ಕೆಲಸ ಶುರುವಾಯಿತು.

ಕೆಲವು ತಿಂಗಳಾದ ಮೇಲೆ ಧೂಳು ಒರೆಸುವಾಗ ಯಾರದೋ ಮೊಣಕೈ ತಾಗಿ ಮಾಡೆಲಿನ ಮೆಟ್ಟಿಲು ಮುರಿಯಿತು. ಡಬ್ಬಿಯಲ್ಲಿ ಆ ಗಾತ್ರದ್ದು ಇರಲಿಲ್ಲ. ನಕ್ಷೆ ನೋಡಿಕೊಂಡು ನಾನೇ ಹೊಸದು ಮಾಡಿದೆ. ಕೂರಿಸಲು ಹೋದರೆ ಲೊಟಲೊಟ ಅಂದಿತು, ಎರಡೂ ಬದಿಗೆ ಸಂದು. ನನ್ನ ಅಳತೆಯೇ ತಪ್ಪಿರಬೇಕೆಂದು ಮತ್ತೆ ಅಳೆದೆ. ನನ್ನದು ಸರಿಯಾಗಿತ್ತು. ಮುರಿದ ಹಳೆಯ ಮೆಟ್ಟಿಲಿನ ಚೂರು ಎತ್ತಿ ಹಳೆಯ ಇಂಚುಪಟ್ಟಿಯ ಮೇಲಿಟ್ಟೆ. ಕರಾರುವಾಕ್ಕಾಗಿ ಐದು ಸಲ ಕಾಲಿಂಚು. ಐದು ಅಡಿ ಅಗಲದ, ನಲವತ್ತೆಂಟರ ಮೆಟ್ಟಿಲು. ಯಾವುದೋ ಹಳೆಯ ಕಟ್ಟಡದ್ದು, ಎತ್ತರ ಹೇಗೋ ಸರಿಹೊಂದಿಬಿಟ್ಟಿತ್ತು.

ನಕ್ಷೆಯಲ್ಲಿದ್ದ ಅಗಲ ಒಂದೂವರೆ ಮೀಟರು. ಮಾಡೆಲಿನಲ್ಲಿ ಆ ಹೆಚ್ಚುವರಿ ಅಗಲ ಎರಡು ಮಿಲಿಮೀಟರೂ ಇಲ್ಲ. ನಿಜದ ಕಟ್ಟಡದಲ್ಲಿ ಅದು ಎಂಟು ಸೆಂಟಿಮೀಟರು ದಾಟುತ್ತದೆ, ಅಂದರೆ ಸ್ಟ್ರೆಚರ್ ಹಿಡಿದವನ ಒಂದು ಮುಷ್ಟಿ. ನನ್ನ ಹೊಸ ಮೆಟ್ಟಿಲಿನ ಮೇಲೆ ಸೂಜಿಯ ಸ್ಟ್ರೆಚರ್ ಇಟ್ಟು ತಿರುಗಿಸಿದೆ. ಅದು ರೇಲಿಂಗಿಗೆ ಸಿಕ್ಕಿಕೊಂಡು ನಿಂತಿತು.

ಸಾನ್ಯಾಲ್‌ದಾರನ್ನು ಕರೆದು ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ತಿಂಗಳ ಕೊನೆಗೆ ಅವರ ನಿವೃತ್ತಿ. "ಆ ಡಾಕ್ಟರಮ್ಮ ನನ್ನ ಮೆಟ್ಟಿಲು ನಂಬಿ ಒಪ್ಪಿದರು, ಶಾಂತಾ" ಎಂದಷ್ಟೇ ಹೇಳಿ ಸ್ಟೂಲಿನ ಮೇಲೆ ಕೂತುಬಿಟ್ಟರು.

ದತ್ತಾ ಸಾಹೇಬರ ಕೋಣೆಗೆ ನಾನೇ ಹೋದೆ. ಅವರು ಕೇಳಿ ಕೈ ಬೀಸಿದರು. "ಮಾಡೆಲ್ ಇರೋದು ತೋರಿಸೋಕೆ, ಕಟ್ಟೋಕಲ್ಲ. ನಕ್ಷೆ ನಿಯಮದ ಪ್ರಕಾರ ಇದೆ, ಮಂಜೂರಾಗಿದೆ. ಹೋಗಿ ಮುರಿದಿದ್ದನ್ನ ಅಂಟಿಸಿ."

"ಡಾಕ್ಟರಮ್ಮ ನಕ್ಷೆ ನೋಡಿ ಒಪ್ಪಿಲ್ಲ ಸಾರ್. ಸ್ಟ್ರೆಚರ್ ತಿರುಗಿದ್ದು ನೋಡಿ ಒಪ್ಪಿದ್ದು."

"ಅದು ನಿಮ್ಮ ವಿಭಾಗದ ತಲೆನೋವು" ಎಂದರು.

ಆ ಸಿಟ್ಟು ಇವತ್ತಿಗೂ ನನ್ನಲ್ಲಿ ಪೂರ್ತಿ ಆರಿಲ್ಲ. ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ ಅನ್ನ ಇಳಿಯಲಿಲ್ಲ. ನಮ್ಮ ಮನೆಯವರು ನೋಡೇ ನೋಡಿದರು. "ಏನಾತ? ಅನ್ನ ಕಲಸಿಕೋತ ಯಾಕ ಕುಂತಿ?"

ಎಲ್ಲ ಹೇಳಿದೆ. ಅವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. "ನಾಳೆ ರಜಾ ಹಾಕು. ಆ ಮುದುಕರನ್ನೂ ಕರಕೊಂಡು ಹೋಗಿ ನೋಡ್ಕೊಂಡ್ ಬಾ. ಇಲ್ಲೇ ಕುಂತು ಹೊಟ್ಟಿ ಉರಕೊಂಡ್ರ ಅಲ್ಲಿ ಮೆಟ್ಲ ಅಗಲ ಆಗೂದಿಲ್ಲ."

ಮರುದಿನ ನಾನು, ಸಾನ್ಯಾಲ್‌ದಾ ಲೋಕಲ್ ರೈಲು ಹಿಡಿದೆವು. ಮಾರಲು ಬಂದ ಮಸಾಲೆ ಮಂಡಕ್ಕಿಯನ್ನು ನಾನು ಕೊಡಿಸಿದರೆ ಅವರು ಪೊಟ್ಟಣ ಬಿಚ್ಚದೆ ಇಳಿಯುವವರೆಗೂ ತೊಡೆಯ ಮೇಲೆ ಇಟ್ಟುಕೊಂಡೇ ಕೂತರು. ಮೆಟ್ಟಿಲು ಇನ್ನೂ ಎರಕ ಹಾಕಿರದಿದ್ದರೆ ಸಾಕಪ್ಪಾ ಎಂದು ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಹೋಗಿ ನೋಡಿದರೆ ಮೆಟ್ಟಿಲು ಎದ್ದು ನಿಂತಿತ್ತು. ಕಾಂಕ್ರೀಟು ಒಣಗಿ ಕಲ್ಲಾಗಿತ್ತು.

ಡಾಕ್ಟರ್ ಮಂಡಲ್ ಹಳೆಯ ಕಟ್ಟಡದಿಂದ ಬಂದರು. ನಾನು ಬಾಯಿ ತೆರೆಯುವ ಮೊದಲೇ ಸಾನ್ಯಾಲ್‌ದಾ ನಡೆದದ್ದನ್ನೆಲ್ಲ ಹೇಳಿಬಿಟ್ಟರು, ಒಂದು ಮಾತೂ ಮುಚ್ಚಿಡಲಿಲ್ಲ. ಆಕೆ ಬೈಯಲಿಲ್ಲ. ತಿರುವಿನವರೆಗೆ ಹತ್ತಿ ನೋಡಿ ಬಂದು, "ನಿಜದ ಸ್ಟ್ರೆಚರ್ ತರಿಸ್ತೀನಿ. ನೋಡೇ ಬಿಡೋಣ" ಎಂದರು.

ರೇಲಿಂಗ್ ಇನ್ನೂ ಹಾಕಿರಲಿಲ್ಲ. ನಕ್ಷೆಯಲ್ಲಿ ಅದು ಮೆಟ್ಟಿಲಿನ ಮೇಲ್ಮೈಯಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ ನಿಲ್ಲಬೇಕಿತ್ತು. ಅದು ಬರುವ ಜಾಗದಲ್ಲಿ ಮೇಸ್ತ್ರಿಯಿಂದ ಬಿದಿರಿನ ಗೂಟ ನಿಲ್ಲಿಸಿ ಹಗ್ಗ ಕಟ್ಟಿಸಿದೆವು. ವಾರ್ಡಿನ ನಾಲ್ವರು ಆಳುಗಳು ಸ್ಟ್ರೆಚರ್ ತಂದರು. ಬರಿಯ ಸ್ಟ್ರೆಚರಾದರೆ ಹೇಗೆ ಬೇಕಾದರೂ ಎತ್ತಿ ಒಯ್ಯುತ್ತಾರೆ, ಯಾರಾದರೂ ಮಲಗಬೇಕು ಎಂದರು ಡಾಕ್ಟರಮ್ಮ. ಎಲ್ಲರೂ ನನ್ನತ್ತ ನೋಡಿದರು. ನಾನು ಆಗಲೂ ಮೈ ತುಂಬಿಕೊಂಡವಳೇ. ಸೆರಗು ಬಿಗಿದು ಮಲಗಿದೆ. ಎತ್ತುವಾಗ ಒಬ್ಬ ಬಂಗಾಳಿಯಲ್ಲಿ "ಅಮ್ಮಾ, ಅವಳಿ ಇರಬೇಕು" ಎಂದ. ನಗು ಬರಬೇಕಿತ್ತು, ಬರಲಿಲ್ಲ.

ತಿರುವಿನವರೆಗೆ ಸಲೀಸಾಗಿ ಹೋದರು. ಅಲ್ಲಿ ತಿರುಗಿಸಲು ಹೋದಾಗ ಹಿಂದಿನವನ ಕೈ ಗೋಡೆಗೆ ಉಜ್ಜಿತು, ಮುಂದಿನ ಕೋಲು ಹಗ್ಗಕ್ಕೆ ಸಿಕ್ಕಿತು. ಮತ್ತೊಮ್ಮೆ ನೋಡಿದರು, ಆಗಲಿಲ್ಲ. ಓರೆ ಮಾಡಿದರೆ ಹೋಗುತ್ತೆ ಎಂದ ಮೇಸ್ತ್ರಿ. ಓರೆ ಮಾಡಿದರು ಕೂಡ. ನಾನು ಜಾರಿ ಒಬ್ಬನ ತೋಳು ಹಿಡಿದುಕೊಂಡೆ.

"ಇಳಿಸಿ" ಎಂದರು ಡಾಕ್ಟರಮ್ಮ. "ನೋವು ತಿನ್ನುವ ಹೆಂಗಸನ್ನ ನಾನು ಓರೆ ಮಾಡೋದಿಲ್ಲ."

ನನ್ನನ್ನು ಅಲ್ಲೇ ತಿರುವಿನಲ್ಲಿ ಇಳಿಸಿದರು. ಮಲಗಿದಲ್ಲಿಂದಲೇ ಸಾನ್ಯಾಲ್‌ದಾರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಹಗ್ಗವನ್ನು ನೋಡುತ್ತಿದ್ದರು.

"ಶಾಂತಾ, ನೂರರ ಮಾಡೆಲಿನಲ್ಲಿ ನಾವು ರೇಲಿಂಗ್ ಎಲ್ಲಿ ಅಂಟಿಸ್ತೀವಿ?"

"ಪಕ್ಕಕ್ಕೆ. ಮೆಟ್ಟಿಲ ಹೊರಗಿನ ಅಂಚಿಗೆ. ಮೇಲೆ ನಿಲ್ಲಿಸಿದರೆ ಅಂಟೋದೇ ಇಲ್ಲವಲ್ಲ."

"ಇಲ್ಲೂ ಪಕ್ಕಕ್ಕೆ ಹಾಕಿದರೆ?"

ನಾನು ಎದ್ದು ಕೂತೆ. ಮೆಟ್ಟಿಲುಗಳ ಎರಡು ಸಾಲಿನ ನಡುವೆ ಒಂದು ಬಾವಿಯಂಥ ಸಂದು ಇರುತ್ತದೆ, ಅದು ಬರಿದೆ ಬಿಟ್ಟ ಜಾಗ. ರೇಲಿಂಗಿನ ಕಂಬಗಳನ್ನು ಮೆಟ್ಟಿಲಿನ ಮೇಲೆ ನಿಲ್ಲಿಸದೆ, ಆ ಸಂದಿನ ಕಡೆಯ ಅಂಚಿಗೆ ಬಡಿದರೆ ಒಂದು ಮುಷ್ಟಿ ಜಾಗ ಉಳಿಯುತ್ತದೆ. ಅಂಟು ಕಚ್ಚುವುದಿಲ್ಲವೆಂದು ನಾವು ಮಾಡುತ್ತಿದ್ದ ಸೋಮಾರಿ ಕೆಲಸ, ನೋಡಿ. ಮೇಸ್ತ್ರಿ ಗೂಟಗಳನ್ನು ಕಿತ್ತು ಹೊರ ಅಂಚಿಗೆ ಕಟ್ಟಿದ. ನಾನು ಮತ್ತೆ ಮಲಗಿದೆ. ಕಣ್ಣು ಮುಚ್ಚಿಕೊಂಡೆ. ಸ್ಟ್ರೆಚರ್ ಮೇಲೇರಿತು, ನಿಂತಿತು, ನಿಧಾನವಾಗಿ ತಿರುಗಿತು. ಎಲ್ಲೂ ಉಜ್ಜಿದ ಸದ್ದು ಬರಲಿಲ್ಲ. ಕಣ್ಣು ತೆರೆದಾಗ ನಾನು ಮೇಲಿನ ಮಹಡಿಯಲ್ಲಿದ್ದೆ.

ಆ ಸಮಾಧಾನಕ್ಕೆ ನನಗೆ ಅಳು ಬಂತು. ಸ್ಟ್ರೆಚರ್ ಮೇಲೇ ಅತ್ತೆ. ಆಳುಗಳು ಗಾಬರಿಯಾಗಿ ಡಾಕ್ಟರಮ್ಮನನ್ನು ಕರೆದರು. ವಾಪಸು ಬರುವಾಗ ರೈಲಿನಲ್ಲಿ ಸಾನ್ಯಾಲ್‌ದಾ ಬೆಳಗಿನ ಆ ಮೆತ್ತಗಾದ ಮಂಡಕ್ಕಿ ತೆಗೆದು ತಿಂದರು, ನನಗೆ ಒಂದು ಕಾಳೂ ಕೊಡಲಿಲ್ಲ.

ಆದರೆ ಅದು ಹಗ್ಗ. ಕಬ್ಬಿಣ ಇನ್ನೂ ಬಂದಿರಲಿಲ್ಲ. ದತ್ತಾ ಸಾಹೇಬರು ಬದಲಾವಣೆಗೆ ಸಹಿ ಹಾಕಲು ಸತಾಯಿಸಿದರು. ಕೊನೆಗೆ ಡಾಕ್ಟರಮ್ಮನೇ ಬಂದು ಅವರ ಎದುರಿನ ಕುರ್ಚಿಯಲ್ಲಿ ಕೂತ ಮೇಲೆ ಹಾಕಿದರು. ಆಮೇಲೆ ಅದನ್ನು ತಮ್ಮದೇ ಹೊಸ ಯೋಚನೆ ಎಂದು ಸಭೆಯಲ್ಲಿ ವಿವರಿಸಿದರು. ಹೇಳಿಕೊಳ್ಳಲಿ, ಕೆಲಸ ಆಯಿತಲ್ಲ. ಮೇಲಿನವರ ಜೊತೆ ಯಾವಾಗ ಜಗಳ ಆಡಬೇಕು, ಯಾವಾಗ ಅವರಿಗೆ ಚಪ್ಪಾಳೆ ತಟ್ಟಬೇಕು ಎಂಬುದನ್ನು ನೀವೂ ಕಲಿತುಕೊಳ್ಳಿ ಮಕ್ಕಳೇ.

ತಿಂಗಳ ಕೊನೆಗೆ ಸಾನ್ಯಾಲ್‌ದಾ ನಿವೃತ್ತರಾದರು. ಹೋಗುವ ದಿನ ಡಬ್ಬಿಗಳನ್ನೆಲ್ಲ ಸುರಿದುಕೊಂಡು ಕೂತು, ಒಂದೊಂದು ಮೆಟ್ಟಿಲಿನ ಕೆಳಗೂ ಅದರ ಅಳತೆ ಬರೆದಿಟ್ಟರು. ಆಮೇಲೂ ಅವರಿಗೆ ನೆಮ್ಮದಿ ಇರಲಿಲ್ಲ. ಯಾವಾಗ ಫೋನ್ ಮಾಡಿದರೂ ಒಂದೇ ಪ್ರಶ್ನೆ. "ಕಬ್ಬಿಣ ಹಾಕಿದ ಮೇಲೆ ಯಾರಾದರೂ ನೋಡಿದರಾ? ಹಗ್ಗ ಬಗ್ಗುತ್ತೆ ಶಾಂತಾ, ಕಬ್ಬಿಣ ಬಗ್ಗೋದಿಲ್ಲ." ಅವರ ಹೆಂಡತಿ ಫೋನ್ ಕಿತ್ತುಕೊಂಡು, "ಮಲಗಿದಲ್ಲೂ ಸ್ಟ್ರೆಚರ್ ಹಿಡಿದವರ ಹಾಗೆ ಕೈ ತಿರುಗಿಸುತ್ತಾರೆ, ನೀನೇ ಏನಾದರೂ ಹೇಳಮ್ಮಾ" ಎನ್ನುತ್ತಿದ್ದರು. ನಾನೇನು ಹೇಳಲಿ? ನನಗೂ ಗೊತ್ತಿರಲಿಲ್ಲ.

ಹೆರಿಗೆ ವಿಭಾಗ ಶುರುವಾದ ಮೇಲೆ ಒಂದು ಬೆಳಿಗ್ಗೆ ಆಫೀಸಿಗೆ ಡಾಕ್ಟರ್ ಮಂಡಲ್ ಫೋನ್ ಮಾಡಿದರು. ಕರೆಂಟ್ ಹೋಗಿ ಲಿಫ್ಟ್ ನಿಂತಿತ್ತಂತೆ. ಒಬ್ಬ ಹೆಂಗಸನ್ನು ತಕ್ಷಣ ಆಪರೇಷನ್ನಿಗೆ ಮೇಲೆ ಒಯ್ಯಬೇಕಾಯಿತಂತೆ. "ಮೆಟ್ಟಿಲ ಮೇಲೇ ಒಯ್ದೆವು. ಎಲ್ಲ ಸರಿಹೋಯಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಆ ಹಿರಿಯರಿಗೆ ಹೇಳಿಬಿಡಿ" ಎಂದರು. ನಾನು ಕೇಳಬೇಕಾದ್ದು ಕೇಳಿ ಫೋನ್ ಇಟ್ಟೆ.

ಇಂಥ ಮಾತು ಫೋನಿನಲ್ಲಿ ಹೇಳುವುದಲ್ಲ ಎನ್ನಿಸಿತು. ಅರ್ಧ ದಿನ ರಜಾ ಬರೆದು, ಮೆಟ್ರೋ ಹತ್ತಿ ಟಾಲಿಗಂಜ್‌ನ ಅವರ ಮನೆಗೆ ಹೋದೆ. ಸಾನ್ಯಾಲ್‌ದಾ ಮಂಚದ ಮೇಲೆ ಪೇಪರು ಹರಡಿಕೊಂಡು ಕೂತಿದ್ದರು. ನನ್ನನ್ನು ಹಗಲು ಹೊತ್ತಿನಲ್ಲಿ ಬಾಗಿಲಲ್ಲಿ ಕಂಡದ್ದೇ ಪೇಪರು ಕೈಯಿಂದ ಬಿತ್ತು.

"ಲಿಫ್ಟ್ ನಿಂತಿತ್ತಂತೆ. ಮೆಟ್ಟಿಲ ಮೇಲೆ ಒಯ್ದರಂತೆ" ಎಂದೆ.

"ತಿರುಗಿತಾ?"

"ತಿರುಗಿತು."

"ಓರೆ ಮಾಡಲಿಲ್ಲವಾ?"

"ಇಲ್ಲ. ನಾನು ಕೇಳಿದೆ. ಓರೆ ಮಾಡಲೇ ಇಲ್ಲವಂತೆ."

"ಯಾರ ಕೈಯಾದರೂ ಗೋಡೆಗೆ ಉಜ್ಜಿತಾ?"

"ಅದನ್ನೂ ಕೇಳಿದೆ. ಯಾರಿಗೂ ಏನೂ ಆಗಿಲ್ಲ. ತಾಯಿ, ಮಗು ಚೆನ್ನಾಗಿದ್ದಾರೆ."

ಅವರು ಗೋಡೆಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟರು. ಅವರ ಹೆಂಡತಿ ಒಳಗಿನಿಂದ ಚಹಾ ತಂದು ನನ್ನ ಕೈಗೆ ಕೊಟ್ಟು, ಇಬ್ಬರ ಮುಖವನ್ನೂ ನೋಡಿದರು.

"ಅದೆಲ್ಲ ಸರಿ," ಎಂದರು. "ಹೆಣ್ಣೋ, ಗಂಡೋ?"

ಸಾನ್ಯಾಲ್‌ದಾ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅದನ್ನು ನಾನು ಕೇಳಿರಲೇ ಇಲ್ಲ.